ಹಸುವಿನಿಂದ ಆನೆಯವರೆಗೆ: ಪ್ರಾಣಿಗಳ ಉಸಿರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ದನ ನೋಡಲು ಹೋದಾಗ ಮನೆಯವರು ಕೇಳುವ ಪ್ರಶ್ನೆಗಳಲ್ಲಿ ಕೆಚ್ಚಲು ಬಾವು ಬಿಟ್ಟರೆ ಉಸಿರಾಟಕ್ಕೆ ಸೇರಿದವೇ ಹೆಚ್ಚು. ಶಾಲೆಗೆ ಕರೆದಾಗ ಮಕ್ಕಳು ಕೇಳುವುದು ಬೇರೆ ಥರ: ಇಂಬಳಕ್ಕೆ ಮೂಗು ಎಲ್ಲಿದೆ, ಆನೆ ಹೇಮಾವತಿ ಹಿನ್ನೀರು ಈಜುವಾಗ ಹೇಗೆ ಉಸಿರಾಡುತ್ತೆ. ಎರಡೂ ಬಗೆಯ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ರೋಗಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಗಾಳಿ ಹೋಗುವ ದಾರಿಯನ್ನು ತಿಳಿದುಕೊಳ್ಳುವುದು ರೈತರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ನಂಬಿಕೆ. ಆ ದಾರಿ ಗೊತ್ತಿಲ್ಲದೆ ನಾವೇ ಕೈಯಾರೆ ಕಳೆದುಕೊಳ್ಳುವ ಹಸು, ಕರುಗಳಿವೆ. ಅವನ್ನು ಉಳಿಸಿಕೊಳ್ಳಬಹುದು.

ಹಸು ಎಳೆದುಕೊಂಡ ಗಾಳಿ ಒಳಗೆ ಎಲ್ಲೆಲ್ಲಿ ಹೋಗುತ್ತದೆ?

ಮೂಗಿನ ಹೊಳ್ಳೆಯಿಂದ ಒಳಗೆ ಬಂದ ಗಾಳಿ ನೇರವಾಗಿ ಗಂಟಲಿಗೆ ಇಳಿಯುವುದಿಲ್ಲ. ಮೂಗಿನೊಳಗೆ ಸುರುಳಿ ಸುತ್ತಿಕೊಂಡ ತೆಳುವಾದ ಮೂಳೆಗಳಿವೆ. ಅವುಗಳ ಮೇಲೆ ರಕ್ತನಾಳಗಳಿಂದ ತುಂಬಿದ ಒದ್ದೆ ಪೊರೆ ಹಾಸಿದೆ. ಆ ಸುರುಳಿಗಳ ನಡುವೆ ತೂರಿಕೊಂಡು ಹೋಗುವಾಗ ಗಾಳಿ ಬೆಚ್ಚಗಾಗುತ್ತದೆ, ತೇವವಾಗುತ್ತದೆ, ಮೇವಿನ ದೂಳು ಅಲ್ಲೇ ಅಂಟಿ ಉಳಿಯುತ್ತದೆ. ಆಮೇಲೆ ಗಂಟಲಕುಳಿ. ಇಲ್ಲಿ ಗಾಳಿಯ ದಾರಿಯೂ ಮೇವಿನ ದಾರಿಯೂ ಒಂದನ್ನೊಂದು ಅಡ್ಡ ಹಾಯುತ್ತವೆ. ನುಂಗುವ ಹೊತ್ತಿಗೆ ಕಿರುನಾಲಗೆ ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಮಡಚಿಕೊಳ್ಳುತ್ತದೆ, ಮೇವು ಅನ್ನನಾಳಕ್ಕೆ ಜಾರುತ್ತದೆ. ಕೆಳಗೆ ಓದುವಾಗ ಈ ಅಡ್ಡದಾರಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಬಹಳಷ್ಟು ಅನಾಹುತ ಆಗುವುದು ಇಲ್ಲೇ.

ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳ. ಹಸುವಿನ ಕೊರಳ ಕೆಳಭಾಗ ಹಿಡಿದು ನೋಡಿ, ಒಂದರ ಕೆಳಗೊಂದು ಗಟ್ಟಿ ಬಳೆಗಳು ಕೈಗೆ ಸಿಗುತ್ತವೆ. ಅವು ಮೆದುಮೂಳೆಯವು. ಹಸು ಕೊರಳು ಎತ್ತ ತಿರುಗಿಸಿದರೂ ಕೊಳವೆ ಮುಚ್ಚಿಹೋಗದಂತೆ ತೆರೆದಿಡುವುದು ಅವುಗಳ ಕೆಲಸ. ಎದೆಗೂಡಿನೊಳಗೆ ಈ ನಾಳ ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ಹಸು, ಎಮ್ಮೆ, ಕುರಿ, ಮೇಕೆ, ಹಂದಿಗಳಲ್ಲಿ ಒಂದು ವಿಶೇಷವಿದೆ: ಆ ಕವಲಿಗೆ ಮುಂಚೆಯೇ ಒಂದು ಪ್ರತ್ಯೇಕ ಕೊಳವೆ ಬಲಗಡೆ ಶ್ವಾಸಕೋಶದ ಮುಂಭಾಗಕ್ಕೆ ಹೊರಡುತ್ತದೆ. ಮನುಷ್ಯರಲ್ಲಿ, ಕುದುರೆಯಲ್ಲಿ ಇದು ಸಾಮಾನ್ಯವಾಗಿ ಇಲ್ಲ.

ಕವಲುಗಳು ಸಣ್ಣದಾಗುತ್ತಾ ಹೋಗಿ ಕೊನೆಗೆ ಸಿಗುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ವಾಯುಕೋಶಗಳು. ಅವುಗಳ ಗೋಡೆಯನ್ನು ಒತ್ತಿಕೊಂಡೇ ಲೋಮನಾಳಗಳಲ್ಲಿ ರಕ್ತ ಹರಿಯುತ್ತಿರುತ್ತದೆ. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕದ ಒಂದು ಪಾಲು ರಕ್ತಕ್ಕೆ ದಾಟುತ್ತದೆ, ಇಂಗಾಲದ ಡೈಆಕ್ಸೈಡ್ ಈಚೆಗೆ ಬರುತ್ತದೆ. ಇಷ್ಟಕ್ಕಾಗಿಯೇ ಉಳಿದೆಲ್ಲ ಏರ್ಪಾಡು.

ಶ್ವಾಸಕೋಶ ತಾನಾಗಿಯೇ ಹಿಗ್ಗುತ್ತದಾ?

ಇಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಅಡ್ಡಗೋಡೆಯಾಗಿ ನಿಂತಿರುವ ವಪೆ ಎಂಬ ಸ್ನಾಯು ಹಿಂದಕ್ಕೆ ಸರಿದಾಗ, 13 ಜೊತೆ ಪಕ್ಕೆಲುಬುಗಳು ಹೊರಕ್ಕೆ ಬಂದಾಗ ಎದೆಗೂಡು ದೊಡ್ಡದಾಗುತ್ತದೆ, ಅದರ ಜೊತೆ ಶ್ವಾಸಕೋಶ ಹಿಗ್ಗಿ ಗಾಳಿ ನುಗ್ಗುತ್ತದೆ. ಎದೆಗೂಡಿನ ಒಳಗೆ ಹೊರಗಿನ ಗಾಳಿ ಸೇರದಂತೆ ಮುಚ್ಚಿದ್ದರೆ ಮಾತ್ರ ಇದು ನಡೆಯುವುದು. ಹೋರಿ ತಿವಿದು ಪಕ್ಕೆಯಲ್ಲಿ ತೂತಾಗಿ, ಉಸಿರೆಳೆದಾಗಲೆಲ್ಲ ಆ ಗಾಯದಲ್ಲಿ ಸುಯ್ ಎಂದು ಸದ್ದು ಬರುತ್ತಿದ್ದರೆ ಆ ಕಡೆಯ ಶ್ವಾಸಕೋಶ ಕುಸಿಯುತ್ತಿದೆ ಎಂದು ಅರ್ಥ. ಶುದ್ಧವಾದ ಬಟ್ಟೆಯನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದು ಡಾಕ್ಟರನ್ನು ಕರೆಸಿ. ಅರಿಶಿನ ತುಂಬುತ್ತಾ ಕೂರುವ ಹೊತ್ತಲ್ಲ ಅದು.

ನಿಮಿಷಕ್ಕೆ ಎಷ್ಟು ಸಲ ಉಸಿರಾಡಬೇಕು? ಎಣಿಸುವುದು ಹೇಗೆ?

ಹಸು ನೆರಳಲ್ಲಿ ಆರಾಮಾಗಿ ನಿಂತಿರುವಾಗ ಅಥವಾ ಮಲಗಿ ಮೆಲುಕು ಹಾಕುವಾಗ ಎಣಿಸಬೇಕು. ಹೊಡೆದುಕೊಂಡು ಬಂದ ಕೂಡಲೇ ಅಲ್ಲ. ಸ್ವಲ್ಪ ದೂರ, ಹಿಂದುಗಡೆ ಓರೆಯಾಗಿ ನಿಂತು ಬಲಪಕ್ಕೆಯನ್ನು ನೋಡಿ. ಪಕ್ಕೆ ಏರಿ ಇಳಿದರೆ ಒಂದು. ಫೋನಿನಲ್ಲಿ ಅರ್ಧ ನಿಮಿಷ ಇಟ್ಟುಕೊಂಡು ಎಣಿಸಿ ಎರಡರಿಂದ ಗುಣಿಸಿ. ದೊಡ್ಡ ಹಸುವಿಗೆ 15ರಿಂದ 30ರ ಆಸುಪಾಸು ಸರಿ, ಕರುವಿಗೆ ಇನ್ನೂ ಸ್ವಲ್ಪ ಜಾಸ್ತಿ. ಕುದುರೆ 8ರಿಂದ 16. ಅರಸೀಕೆರೆ ಕಡೆಯ ಬಿಸಿಲಲ್ಲಿ ಕಟ್ಟಿದ ಸೀಮೆಹಸು 60 ದಾಟಿದರೆ ಅದು ಸೆಖೆ ತಡೆಯಲಾರದೆ ಏದುತ್ತಿದೆ. ನೆರಳು, ನೀರು, ಮೈಮೇಲೆ ನೀರೆರಚಿ ಗಾಳಿ ಕೊಡುವುದು, ಇಷ್ಟು ಮೊದಲು ಆಗಬೇಕು.

ಸಂಖ್ಯೆಗಿಂತ ಭಂಗಿ ಇನ್ನೂ ಹೆಚ್ಚು ಹೇಳುತ್ತದೆ. ಕೊರಳು ಮುಂದಕ್ಕೆ ಚಾಚಿ, ಮೊಣಕೈ ಹೊರಕ್ಕೆ ತಿರುಗಿಸಿ, ಬಾಯಿ ತೆರೆದು, ಪ್ರತಿ ಉಸಿರಿಗೂ ನರಳುತ್ತಾ ನಿಂತ ಹಸು ಮಲಗಲು ಒಪ್ಪುವುದಿಲ್ಲ. ಮಲಗಿದರೆ ಎದೆ ಒತ್ತುತ್ತದೆ ಎಂದು ಅದಕ್ಕೆ ಗೊತ್ತು. ಇಂಥ ಹಸುವನ್ನು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಯವರನ್ನು ಎಬ್ಬಿಸಿ.

ನಮ್ಮ ಅಪ್ಪ, ತಾತ ಎಲ್ಲ ಗೊಟ್ಟದಲ್ಲೇ ಔಷಧಿ ಹಾಕುತ್ತಿದ್ದರು. ಅದರಲ್ಲಿ ತಪ್ಪೇನು?

ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ. ಬಿದಿರಿನ ಗೊಟ್ಟವಾಗಲಿ, ಬಿಯರ್ ಬಾಟಲಿಯಾಗಲಿ, ಹಾಕುವ ರೀತಿ ಸಾಮಾನ್ಯವಾಗಿ ಒಂದೇ: ಒಬ್ಬರು ಮೂಗುದಾರ ಹಿಡಿದು ಮೂತಿಯನ್ನು ಆಕಾಶಕ್ಕೆ ಎತ್ತುತ್ತಾರೆ, ಇನ್ನೊಬ್ಬರು ನಾಲಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಒಂದೇ ಸಲಕ್ಕೆ ಸುರಿಯುತ್ತಾರೆ. ಆಗ ಒಳಗೆ ಏನಾಗುತ್ತದೆ ನೋಡಿ. ಮೂತಿ ಎತ್ತಿದಾಗ ಬಾಯಿಯಿಂದ ಗಂಟಲಿಗೆ ಇಳಿಜಾರು. ನಾಲಗೆ ಹಿಡಿದರೆ ಹಸು ನುಂಗಲಾರದು, ಏಕೆಂದರೆ ನುಂಗುವಿಕೆಯನ್ನು ಶುರು ಮಾಡುವುದೇ ನಾಲಗೆ. ನುಂಗದಿದ್ದರೆ ಕಿರುನಾಲಗೆ ಮಡಚಿಕೊಳ್ಳುವುದಿಲ್ಲ, ಶ್ವಾಸನಾಳದ ಬಾಯಿ ತೆರೆದೇ ಇರುತ್ತದೆ. ಹೆದರಿದ ಹಸು ಆ ಹೊತ್ತಿನಲ್ಲೇ ಜೋರಾಗಿ ಉಸಿರೆಳೆಯುತ್ತದೆ. ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ.

ಅದು ಹೋಗಿ ನಿಲ್ಲುವ ಜಾಗವನ್ನೂ ಹೇಳಬಹುದು. ಮೇಲೆ ಹೇಳಿದ ಆ ಪ್ರತ್ಯೇಕ ಕೊಳವೆ ಇದೆಯಲ್ಲ, ಬಲಗಡೆಯ ಮುಂಭಾಗಕ್ಕೆ ಮೊದಲೇ ಕವಲೊಡೆಯುವುದು, ಅದೇ ಹತ್ತಿರದ ದಾರಿ. ಮುಂಭಾಗ ತಗ್ಗಿನಲ್ಲಿಯೂ ಇರುವುದರಿಂದ ಒಳಹೊಕ್ಕ ದ್ರವ ಅಲ್ಲಿ ಸೇರಿಕೊಳ್ಳುತ್ತದೆ. ಎಣ್ಣೆಯಾಗಿದ್ದರೆ ಇನ್ನೂ ಕೆಟ್ಟದ್ದು. ನೀರು ಬಿದ್ದರೆ ಕೆಮ್ಮು ಬರುತ್ತದೆ, ಎಣ್ಣೆ ಅಷ್ಟು ಕೆಮ್ಮನ್ನೂ ಬರಿಸದೆ ಸದ್ದಿಲ್ಲದೆ ಒಳಗಿಳಿಯುತ್ತದೆ. ಒಂದೆರಡು ದಿನದಲ್ಲಿ ಜ್ವರ, ಮೇವು ಬಿಡುವುದು, ಮೂಗಿನಲ್ಲಿ ಕೊಳೆತ ವಾಸನೆಯ ಸುರಿತ. ಸತ್ತ ಹಸುವಿನ ಎದೆ ತೆರೆದಾಗ ಬಲಮುಂಭಾಗ ಕಪ್ಪುಹಸಿರಾಗಿ, ಮುಟ್ಟಿದರೆ ಕಳಚಿ ಬರುವಷ್ಟು ಕೊಳೆತು, ಅದರೊಳಗೆ ಓಮ, ಬೆಳ್ಳುಳ್ಳಿ ಸಿಪ್ಪೆ ಸಿಕ್ಕಿದ್ದನ್ನು ನೋಡಿದ್ದೇನೆ. ಹೊಟ್ಟೆ ಉಬ್ಬರಕ್ಕೆ ಹಾಕಿದ ಮನೆಮದ್ದು ಅದು. ಹಸು ಉಬ್ಬರದಿಂದ ಸಾಯಲಿಲ್ಲ.

ಬಾಯಿಂದ ಹಾಕಲೇಬೇಕಿದ್ದರೆ ಹೀಗೆ ಮಾಡಿ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಾಲಗೆ ಹಿಡಿಯಬಾರದು. ತುಟಿಯ ಮೂಲೆಯಲ್ಲಿ, ಹಲ್ಲಿಲ್ಲದ ಸಂದಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಗುಟುಕು ಇಳಿಯುವುದನ್ನು ಕೊರಳಲ್ಲಿ ನೋಡಿಕೊಂಡು ಮುಂದಿನದು ಹಾಕಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ. ಮಲಗಿದಲ್ಲೇ ಬಿದ್ದಿರುವ, ತಲೆ ಎತ್ತಲಾಗದ ಹಸುವಿಗೆ ಬಾಯಿಂದ ಏನೂ ಬೇಡ. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಇಳಿದು ಬಿದ್ದ ಹಸುವಿಗೆ ನುಂಗುವ ಶಕ್ತಿಯೇ ಇರುವುದಿಲ್ಲ, ಆದರೆ ಅಂಥ ಹಸುವಿಗೇ ನಮ್ಮವರು ಅವಸರದಲ್ಲಿ ಗಂಜಿ ಹೊಯ್ಯುವುದು. ಹೆಚ್ಚು ಪ್ರಮಾಣದ ಔಷಧಿಯಿದ್ದರೆ ಡಾಕ್ಟರು ಹೊಟ್ಟೆಗೆ ಕೊಳವೆ ಇಳಿಸಿ ಹಾಕುತ್ತಾರೆ. ಹಿರಿಯರು ಬಳಸುತ್ತಿದ್ದರು ಎಂಬ ಗೌರವ ಇರಲಿ, ಗೊಟ್ಟ ಅಟ್ಟದ ಮೇಲೇ ಇರಲಿ.

ಕುದುರೆಗಿಂತ ಹಸುವಿಗೆ ನ್ಯುಮೋನಿಯಾ ಬೇಗ ಬರುತ್ತದೆ ಅಂತಾರೆ, ನಿಜವೇ?

ನಿಜ, ಕಾರಣ ಅಂಗರಚನೆಯಲ್ಲೇ ಇದೆ. ಅಷ್ಟೇ ತೂಕದ ಕುದುರೆಗೆ ಹೋಲಿಸಿದರೆ ಹಸುವಿನ ಶ್ವಾಸಕೋಶ ಚಿಕ್ಕದು. ಅದೂ ಅಲ್ಲದೆ ಹಸುವಿನ ಶ್ವಾಸಕೋಶವನ್ನು ದಪ್ಪ ಪೊರೆಗಳು ಸಣ್ಣ ಸಣ್ಣ ಅಂಕಣಗಳಾಗಿ ಭಾಗ ಮಾಡಿವೆ. ಒಂದು ಅಂಕಣದ ಕೊಳವೆ ಕಫದಿಂದ ಕಟ್ಟಿಕೊಂಡರೆ ಪಕ್ಕದ ಅಂಕಣದಿಂದ ಅದಕ್ಕೆ ಗಾಳಿ ಬರುವ ದಾರಿ ಇಲ್ಲವೇ ಇಲ್ಲ ಎನ್ನಬಹುದು. ನಾಯಿಯಲ್ಲಿ ಹೀಗಿಲ್ಲ, ಅಕ್ಕಪಕ್ಕದಿಂದ ಗಾಳಿ ಸಿಗುತ್ತದೆ. ಸುಮ್ಮನೆ ನಿಂತಿದ್ದಾಗಲೇ ಹಸು ತನ್ನ ಶ್ವಾಸಕೋಶದ ಸಾಮರ್ಥ್ಯದಲ್ಲಿ ದೊಡ್ಡ ಪಾಲನ್ನು ಬಳಸಿಕೊಂಡಿರುತ್ತದೆ, ಕೈಮೀಸಲು ಕಡಿಮೆ. ದಿನಕ್ಕೆ ಇಪ್ಪತ್ತು ಲೀಟರ್ ಹಾಲು ಕೊಡುವ ಸೀಮೆಹಸುವಿಗೆ ಆ ಮೀಸಲು ಇನ್ನೂ ತೆಳುವಾಗುತ್ತದೆ. ಮಲೆನಾಡು ಗಿಡ್ಡದಂಥ ಸಣ್ಣ ಮೈಯ, ಕಡಿಮೆ ಹಾಲಿನ ದನಕ್ಕೆ ಈ ಒತ್ತಡ ಅಷ್ಟಿಲ್ಲ.

ಮಳೆಗಾಲದಲ್ಲಿ ಚಳಿ ಆಗದಿರಲಿ ಎಂದು ಕೊಟ್ಟಿಗೆಯ ಸುತ್ತ ಟಾರ್ಪಾಲ್ ಕಟ್ಟುತ್ತೇವೆ. ಸರಿಯೇ?

ಸಕಲೇಶಪುರ, ಮೂಡಿಗೆರೆಯ ಆಷಾಢದ ಮಳೆ ನೋಡಿದವರಿಗೆ ಟಾರ್ಪಾಲ್ ಕಟ್ಟಬೇಡಿ ಎಂದು ಹೇಳಲು ಬಾಯಿ ಬರುವುದಿಲ್ಲ. ಎರಚಲು ತಡೆಯಲೇಬೇಕು. ಆದರೆ ಸೂರಿನವರೆಗೂ ಮುಚ್ಚಬೇಡಿ, ಮೇಲೆ ಒಂದು ಮೊಳ ಬಿಡಿ. ಶ್ವಾಸನಾಳದ ಒಳಗೋಡೆಯಲ್ಲಿ ಅತಿ ಸೂಕ್ಷ್ಮ ರೋಮಗಳಿವೆ. ಅವು ಒಂದೇ ಲಯದಲ್ಲಿ ಬಡಿಯುತ್ತಾ, ದೂಳು, ರೋಗಾಣು ಅಂಟಿದ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ಹಸು ಅದನ್ನು ನುಂಗಿಬಿಡುತ್ತದೆ. ಗಂಜಲದಿಂದ ಏಳುವ ಅಮೋನಿಯಾದ ಘಾಟು ಈ ರೋಮಗಳ ಬಡಿತವನ್ನು ಕುಗ್ಗಿಸುತ್ತದೆ. ಆಮೇಲೆ ಮೂಗಿನಲ್ಲಿ ಸುಮ್ಮನೆ ಇದ್ದ ರೋಗಾಣುಗಳೇ ಕೆಳಗಿಳಿದು ನ್ಯುಮೋನಿಯಾ ಮಾಡುತ್ತವೆ.

ನಿಮ್ಮ ಕೊಟ್ಟಿಗೆ ಹೇಗಿದೆ ಎಂದು ಪರೀಕ್ಷಿಸಲು ಮುಂಜಾನೆ ಬಾಗಿಲು ತೆರೆದ ಕೂಡಲೇ ಕರು ಕಟ್ಟುವ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಕರುವಿನ ಮೂಗಿನ ಮಟ್ಟದಲ್ಲಿ ಉಸಿರೆಳೆದುಕೊಳ್ಳಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆ ಕರು ಇಡೀ ರಾತ್ರಿ ಅದನ್ನೇ ಕುಡಿದಿದೆ. ನೆಲಕ್ಕೆ ಇಳಿಜಾರು, ಗಂಜಲ ಹೋಗಲು ಕಾಲುವೆ, ಒಣ ಹಾಸು, ಇವು ಔಷಧಿಗಿಂತ ಅಗ್ಗ. ಕಾಫಿ ಒಣಸಿಪ್ಪೆ ಹಾಸುವವರು ಅದಕ್ಕೆ ಬೂಷ್ಟು ಹಿಡಿದಿಲ್ಲ ಎಂದು ನೋಡಿಕೊಳ್ಳಿ. ನೊಣ, ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕುವುದಾದರೆ ಹೊಗೆ ಹೊರಗೆ ಹೋಗುವಂತಿರಲಿ. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ತುಂಬಿಸಿದರೆ ಸೊಳ್ಳೆಗಿಂತ ಮೊದಲು ಕರು ಕೆಮ್ಮುತ್ತದೆ.

ನಮ್ಮ ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತದೆ. ಅದು ಸ್ವಭಾವವೇ?

ಅಲ್ಲ, ಅದು ರೋಗವಿರಬಹುದು. ಗೊರಕೆ ರೋಗ ಎಂದೇ ಅದಕ್ಕೆ ಹೆಸರು. ಸಿಸ್ಟೋಸೋಮಾ ನೇಸೇಲ್ ಎಂಬ ಹುಳು ಮೂಗಿನ ಪೊರೆಯ ರಕ್ತನಾಳಗಳಲ್ಲಿ ಮನೆ ಮಾಡಿಕೊಂಡಿರುತ್ತದೆ. ಅದರ ಮೊಟ್ಟೆಗಳ ಸುತ್ತ ಮಾಂಸ ಬೆಳೆದು ಗಾಳಿಯ ದಾರಿ ಕಿರಿದಾಗುತ್ತದೆ. ಮೊದಲು ರಕ್ತ ಬೆರೆತ ಸಿಂಬಳ, ಆಮೇಲೆ ರಸ್ತೆಗೆ ಕೇಳುವಷ್ಟು ಗೊರಕೆ. ಕೆರೆ, ಗದ್ದೆ, ಕಟ್ಟೆಗಳ ನಿಂತ ನೀರಿನಲ್ಲಿರುವ ಒಂದು ಜಾತಿಯ ಚಪ್ಪಟೆ ಬಸವನಹುಳು ಇದರ ನಡುಮನೆ. ಅದರೊಳಗೆ ಬೆಳೆದ ಮರಿಹುಳು ನೀರಿಗೆ ಬಂದು, ನೀರಿಗಿಳಿದ ದನದ ಚರ್ಮ ಕೊರೆದು ಒಳಸೇರುತ್ತದೆ. ದಕ್ಷಿಣ ಭಾರತದ ದನಗಳಲ್ಲಿ ಇದು ಹಳೆಯ ಕಾಯಿಲೆ, ಈ ಹುಳುವನ್ನು ರಾವ್ ಎಂಬ ವಿಜ್ಞಾನಿ 1933ರಲ್ಲಿ ಗುರುತಿಸಿ ಹೆಸರಿಟ್ಟರು. ಸಿಂಬಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ ಮೊಟ್ಟೆ ಕಾಣುತ್ತದೆ. ಔಷಧಿ ಇದೆ. ಆದರೆ ಅದೇ ಕಟ್ಟೆಗೆ ಮತ್ತೆ ಇಳಿಸಿದರೆ ಮತ್ತೆ ಬರುತ್ತದೆ, ಬೋರ್‌ವೆಲ್ ನೀರಲ್ಲಿ ಮೈತೊಳೆಯಿರಿ.

ಗಳಲೆ ರೋಗದಲ್ಲಿ ಉಸಿರು ಕಟ್ಟುವುದು ಯಾಕೆ?

ಗಂಟಲ ಸುತ್ತ ಬಾವು ಬಂದು ಶ್ವಾಸನಾಳವನ್ನು ಹೊರಗಿನಿಂದ ಒತ್ತುತ್ತದೆ, ಒಳಗೆ ಶ್ವಾಸಕೋಶಕ್ಕೂ ಸೋಂಕು ಹರಡುತ್ತದೆ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ. ಎಮ್ಮೆಗಳಲ್ಲಿ ಹೆಚ್ಚು ಉಗ್ರ. ಒಂದು ದಿನದೊಳಗೇ ಪ್ರಾಣ ಹೋಗಬಹುದು, ಹಾಗಾಗಿ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿ. ಇದರಲ್ಲಿ ಬೇರೆ ಮಾತಿಲ್ಲ.

ಹೊಟ್ಟೆ ಉಬ್ಬರಿಸಿದರೆ ಉಸಿರು ಯಾಕೆ ಕಷ್ಟ? ಹಾಲಿಗೆ ಮೇವಿನ ವಾಸನೆ ಬರುವುದಕ್ಕೂ ಉಸಿರಾಟಕ್ಕೂ ಸಂಬಂಧ ಇದೆಯೇ?

ಮೊದಲನೆಯದು ಸುಲಭ. ಎಡಗಡೆಯ ಮೊದಲ ಹೊಟ್ಟೆ ಅನಿಲದಿಂದ ಬಿಗಿದು ವಪೆಯನ್ನು ಮುಂದಕ್ಕೆ ನೂಕುತ್ತದೆ. ಶ್ವಾಸಕೋಶಕ್ಕೆ ಹಿಗ್ಗಲು ಜಾಗವೇ ಉಳಿಯುವುದಿಲ್ಲ, ಹೃದಯಕ್ಕೆ ರಕ್ತ ಮರಳುವುದೂ ಕಷ್ಟವಾಗುತ್ತದೆ. ಉಬ್ಬರಿಸಿದ ಹಸುವನ್ನು ಮುಂಗಾಲು ಎತ್ತರದಲ್ಲಿ ಬರುವಂತೆ ನಿಲ್ಲಿಸಿದರೆ ಸ್ವಲ್ಪ ಆರಾಮ ಸಿಗುವುದು ಇದಕ್ಕೇ.

ಎರಡನೆಯ ಪ್ರಶ್ನೆ ಕೇಳಿದವರು ಬೇಲೂರು ಕಡೆಯ ಒಬ್ಬ ಅಕ್ಕ. ಡೇರಿಯಲ್ಲಿ ಹಾಲಿಗೆ ವಾಸನೆ ಎಂದು ಹೇಳಿದ್ದಕ್ಕೆ ಅವರಿಗೆ ಬೇಸರವಾಗಿತ್ತು. ಸಂಬಂಧ ಇದೆ. ಹಸು ತೇಗಿದಾಗ ಹೊಟ್ಟೆಯ ಅನಿಲ ಪೂರ್ತಿ ಬಾಯಿಂದ ಹೊರಹೋಗುವುದಿಲ್ಲ. ಅದರಲ್ಲಿ ಬಹುಪಾಲು ಗಂಟಲಿನಿಂದ ಶ್ವಾಸನಾಳಕ್ಕೆ ತಿರುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿಂದ ವಾಸನೆಯ ಅಂಶ ರಕ್ತಕ್ಕೆ, ರಕ್ತದಿಂದ ಕೆಚ್ಚಲಿಗೆ. ಈರುಳ್ಳಿ ಸೊಪ್ಪು, ಘಾಟಿನ ಕಳೆ, ಹುಳಿ ವಾಸನೆಯ ರಸಮೇವು ತಿಂದ ಹಸುವಿನ ಹಾಲು ಅಷ್ಟು ಬೇಗ ವಾಸನೆ ಹಿಡಿಯುವುದು ಈ ಅಡ್ಡದಾರಿಯಿಂದ. ಆ ಮೇವನ್ನು ಹಾಲು ಕರೆದ ಮೇಲೆ ಹಾಕಿ, ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಅದರ ಗುಡ್ಡೆಯೂ ಇರದಿರಲಿ.

ಎಳೆಜೋಳ ತಿಂದ ಹಸು ಏದಿ ಏದಿ ಸತ್ತಿತು. ಶ್ವಾಸಕೋಶಕ್ಕೆ ಏನಾಗಿತ್ತು?

ಶ್ವಾಸಕೋಶ ಚೆನ್ನಾಗಿಯೇ ಇತ್ತು. ಮೊಣಕಾಲುದ್ದ ಬೆಳೆಯದ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕಟಾವಿನ ನಂತರದ ಕೂಳೆ ಚಿಗುರು, ಇವುಗಳಲ್ಲಿ ಸಯನೈಡ್ ಹೊರಬಿಡುವ ಅಂಶ ಇರುತ್ತದೆ. ಸಯನೈಡ್ ಜೀವಕೋಶದ ಒಳಗಿನ ಕೊನೆಯ ಹಂತವನ್ನೇ ಕಟ್ಟಿಹಾಕುತ್ತದೆ. ಗಾಳಿ ಬಂತು, ರಕ್ತ ಆಮ್ಲಜನಕ ಹೊತ್ತು ತಂದಿತು, ಆದರೆ ಜೀವಕೋಶ ಅದನ್ನು ಬಳಸಲಾರದು. ಬಳಕೆಯಾಗದ ಆಮ್ಲಜನಕ ಉಳಿಯುವುದರಿಂದ ರಕ್ತ ಕೆಂಪಾಗಿ ಹೊಳೆಯುತ್ತದೆ. ಇನ್ನೊಂದು ವಿಷ ನೈಟ್ರೇಟ್: ಯೂರಿಯಾ ಜಾಸ್ತಿ ಹಾಕಿದ ಹಸಿ ಮೇವಿನಲ್ಲಿ, ಅದರಲ್ಲೂ ಬರದ ನಂತರ ಮಳೆ ಬಿದ್ದಾಗ. ಅದು ರಕ್ತದ ಹಿಮೋಗ್ಲೋಬಿನ್ನನ್ನೇ ಕೆಡಿಸುತ್ತದೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರತ್ಯೌಷಧಿ ಇದೆ, ಆದ್ದರಿಂದ ಡಾಕ್ಟರಿಗೆ ಏನು ಮೇವು ತಿಂದಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ. ಜೋಳವನ್ನು ಚೆನ್ನಾಗಿ ಒಣಗಿಸಿದರೆ ಸಯನೈಡ್ ಕಡಿಮೆಯಾಗುತ್ತದೆ. ನೈಟ್ರೇಟ್ ಒಣಗಿಸಿದರೂ ಹೋಗುವುದಿಲ್ಲ.

ಹುಟ್ಟಿದ ಕರು ಉಸಿರಾಡದಿದ್ದರೆ ಹಿಂಗಾಲು ಹಿಡಿದು ತಲೆಕೆಳಗು ಮಾಡಬೇಕಾ?

ಬೇಡ. ಹಾಗೆ ಮಾಡಿದಾಗ ಸುರಿಯುವ ನೀರಿನಲ್ಲಿ ಹೆಚ್ಚಿನದು ಹೊಟ್ಟೆಯದು. ಕರುಳು, ಹೊಟ್ಟೆ ಎಲ್ಲ ವಪೆಯ ಮೇಲೆ ಬಿದ್ದು ಮೊದಲ ಉಸಿರೇ ಕಷ್ಟವಾಗುತ್ತದೆ. ಗರ್ಭದಲ್ಲಿ ಕರುವಿನ ಶ್ವಾಸಕೋಶ ದ್ರವದಿಂದ ತುಂಬಿರುತ್ತದೆ. ಹುಟ್ಟಿದ ಮೇಲೆ ಆ ದ್ರವದ ಬಹುಭಾಗವನ್ನು ದೇಹವೇ ಒಳಗೆ ಹೀರಿಕೊಳ್ಳುತ್ತದೆ. ನೀವು ಮಾಡಬೇಕಾದದ್ದು: ಬಾಯಿ, ಮೂಗಿನ ಲೋಳೆ ಬೆರಳಿಂದ ತೆಗೆಯಿರಿ. ಎದೆಯ ಮೇಲೆ ನೆಟ್ಟಗೆ ಕೂರಿಸಿ, ಹಿಂಗಾಲುಗಳನ್ನು ಎರಡೂ ಪಕ್ಕಕ್ಕೆ ಮುಂದಕ್ಕೆ ಎಳೆಯಿರಿ, ಆಗ ಎರಡೂ ಶ್ವಾಸಕೋಶಕ್ಕೆ ಸಮನಾಗಿ ಗಾಳಿ ಸಿಗುತ್ತದೆ. ಶುದ್ಧವಾದ ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿ, ಸೀನುವ ಹಾಗಾಗಿ ದೊಡ್ಡ ಉಸಿರು ಎಳೆಯುತ್ತದೆ. ಒಣ ಗೋಣಿಯಿಂದ ಮೈ ಜೋರಾಗಿ ಉಜ್ಜಿ. ತಲೆಗೆ, ಕಿವಿಗೆ ತಣ್ಣೀರು ಎರಚಿದರೂ ಆಗುತ್ತದೆ.

ದಿನ ತುಂಬದೆ ಹುಟ್ಟಿದ ಕರುವಿನ ಕಷ್ಟ ಬೇರೆ. ವಾಯುಕೋಶಗಳ ಗೋಡೆ ಒಂದಕ್ಕೊಂದು ಅಂಟದಂತೆ ಕಾಯುವ ತೆಳುಲೇಪ ಗರ್ಭದ ಕೊನೆಯ ದಿನಗಳಲ್ಲಿ ತಯಾರಾಗುತ್ತದೆ. ಅದು ಸಾಲದೆ ಹೋದರೆ ಪ್ರತಿ ಉಸಿರಿಗೂ ಕರು ಹೆಣಗಬೇಕು. ಇಂಥ ಕರುವಿಗೆ ಗಿಣ್ಣುಹಾಲನ್ನು ಲೋಟದಲ್ಲಿ ಸುರಿಯಬೇಡಿ. ಚೀಪಲು ಬಂದರೆ ಮೊಲೆ ಬಾಟಲಿ, ಬಾರದಿದ್ದರೆ ಡಾಕ್ಟರ ಕೊಳವೆ.

ಮುಳ್ಳಯ್ಯನಗಿರಿ ತಪ್ಪಲಿನಲ್ಲಿ ಮೇಯುವ ದನಕ್ಕೆ ಗಾಳಿ ಸಾಲದೆ ಹೋಗುತ್ತದೆಯೇ?

1,930 ಮೀಟರಿನ ಶಿಖರದಲ್ಲೂ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 80ರಷ್ಟು ಇರುತ್ತದೆ. ದನಕ್ಕೆ ತೊಂದರೆಯಿಲ್ಲ. ಅಮೆರಿಕದ ಕೊಲರಾಡೊದಂಥ ಇನ್ನೂ ಎತ್ತರದ ಬೆಟ್ಟಗಳಲ್ಲಿ ಮಾತ್ರ ಹಸುಗಳ ಶ್ವಾಸಕೋಶದ ರಕ್ತನಾಳ ಬಿಗಿದು ಹೃದಯ ಸೋಲುವ ಕಾಯಿಲೆ ಕಾಣುತ್ತದೆ.

ಕೋಳಿಗೆ ನಮ್ಮ ಹಾಗೇ ಶ್ವಾಸಕೋಶ ಇದೆಯೇ?

ಇದೆ, ಆದರೆ ಅದು ಹಿಗ್ಗಿ ಕುಗ್ಗುವುದಿಲ್ಲ. ಪಕ್ಕೆಲುಬಿಗೆ ಅಂಟಿಕೊಂಡ ಚಿಕ್ಕ, ಗಟ್ಟಿ ಶ್ವಾಸಕೋಶ. ವಪೆ ಇಲ್ಲ. ಅದರ ಬದಲು ಎದೆ, ಹೊಟ್ಟೆ, ಕೆಲವು ಮೂಳೆಗಳ ಒಳಗೂ ಚಾಚಿಕೊಂಡ ತೆಳುವಾದ ಗಾಳಿಚೀಲಗಳಿವೆ, ಹೆಚ್ಚಿನ ಹಕ್ಕಿಗಳಲ್ಲಿ 9. ಕುಲುಮೆಯ ತಿದಿ ಬೆಂಕಿಗೆ ಗಾಳಿ ಊದುವಂತೆ ಈ ಚೀಲಗಳು ಶ್ವಾಸಕೋಶದ ಮೂಲಕ ಗಾಳಿಯನ್ನು ಊದುತ್ತವೆ. ಒಳಗೆಳೆದ ಗಾಳಿ ಮೊದಲು ಹಿಂದಿನ ಚೀಲಗಳಿಗೆ, ಉಸಿರು ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ, ಮತ್ತೆ ಉಸಿರೆಳೆದಾಗ ಮುಂದಿನ ಚೀಲಗಳಿಗೆ, ಮತ್ತೆ ಬಿಟ್ಟಾಗ ಹೊರಕ್ಕೆ. ಒಂದು ಗುಟುಕು ಗಾಳಿ ಪೂರ್ತಿ ಹಾದುಹೋಗಲು ಎರಡು ಉಸಿರು ಬೇಕು. ಲಾಭ ಏನೆಂದರೆ ಶ್ವಾಸಕೋಶದಲ್ಲಿ ಗಾಳಿ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ, ಹಳಸು ಗಾಳಿ ಬೆರೆಯುವುದಿಲ್ಲ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರಲು ಈ ಏರ್ಪಾಡು ದೊಡ್ಡ ನೆರವು.

ಕೋಳಿ ಸಾಕುವವರಿಗೆ ಇದರಿಂದ ಒಂದು ಪಾಠವಿದೆ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಕೋಳಿಗೆ ಉಸಿರು. ಲಸಿಕೆ ಹಾಕುವಾಗ ಎದೆಯನ್ನು ಗಟ್ಟಿಯಾಗಿ ಅಮುಕಿ ಹಿಡಿದರೆ ಮೂಗು ತೆರೆದಿದ್ದರೂ ಉಸಿರುಕಟ್ಟಿ ಸಾಯುತ್ತದೆ. ಮಕ್ಕಳು ಮರಿಗಳನ್ನು ಪ್ರೀತಿಯಿಂದ ಹಿಸುಕಿದಾಗಲೂ ಹೀಗೇ ಆಗುವುದು.

ಬೆಳಗಿನ ಜಾವ ಕೆರೆಯ ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತವೆ. ಯಾಕೆ?

ಆಮ್ಲಜನಕ ಕಡಿಮೆಯಾಗಿದೆ. 25 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿಯಬಲ್ಲದು. ಅಷ್ಟರಲ್ಲೇ ಮೀನು ಬದುಕುವುದು ಕಿವಿರಿನ ಜಾಣತನದಿಂದ: ಕಿವಿರಿನ ಎಳೆಗಳಲ್ಲಿ ರಕ್ತ ಒಂದು ದಿಕ್ಕಿಗೆ ಹರಿದರೆ ನೀರು ಅದಕ್ಕೆ ಎದುರು ದಿಕ್ಕಿಗೆ ಹರಿಯುತ್ತದೆ, ಹಾಗಾಗಿ ಕೊನೆಯವರೆಗೂ ರಕ್ತಕ್ಕೆ ಆಮ್ಲಜನಕ ಸಿಗುತ್ತಲೇ ಹೋಗುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ತಿನ್ನುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಅತಿ ಕಡಿಮೆ. ಸಗಣಿ ಹಾಕುವುದು ನಿಲ್ಲಿಸಿ, ಪಂಪಿನಿಂದ ನೀರು ಮೇಲಿಂದ ಧುಮುಕುವಂತೆ ಬಿಡಿ. ಮೋಡ ಮುಸುಕಿದ ದಿನಗಳಲ್ಲಿ ಮೇವು ಕಡಿಮೆ ಮಾಡಿ. ಶೃಂಗೇರಿಯಲ್ಲಿ ತುಂಗೆಯ ದೊಡ್ಡ ಮೀನುಗಳು ಆರಾಮಾಗಿರುವುದು ಹರಿಯುವ ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ.

ಹಾವಿನಂಥ ತಲೆಯ ಮುರ್ರೆಲ್ ಮೀನಿನ ಕಥೆ ಉಲ್ಟಾ. ಅದಕ್ಕೆ ಕಿವಿರಿನ ಮೇಲೆ ಗಾಳಿ ಹಿಡಿಯುವ ಕೋಣೆ ಇದೆ. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಇಂಬಳಕ್ಕೆ, ಎರೆಹುಳುವಿಗೆ, ಕಪ್ಪೆಗೆ ಚರ್ಮದಿಂದಲೇ ಉಸಿರಾ?

ಇಂಬಳ, ಎರೆಹುಳು ಎರಡಕ್ಕೂ ಶ್ವಾಸಕೋಶವಿಲ್ಲ, ಒದ್ದೆ ಚರ್ಮವೇ ಎಲ್ಲ. ಮಳೆ ಹಿಡಿದಾಗ ತೋಟದ ದಾರಿಯಲ್ಲಿ ಕಾಲಿಗೆ ಹತ್ತುವ ಇಂಬಳ ಬೇಸಗೆಯಲ್ಲಿ ಕಾಣೆಯಾಗುವುದಕ್ಕೆ ಇದು ದೊಡ್ಡ ಕಾರಣ, ಚರ್ಮ ಒಣಗಿದರೆ ಅದಕ್ಕೆ ಉಸಿರಿಲ್ಲ. ಕಪ್ಪೆಗೆ ಶ್ವಾಸಕೋಶವೂ ಇದೆ, ಚರ್ಮವೂ ಕೆಲಸ ಮಾಡುತ್ತದೆ. ಪಕ್ಕೆಲುಬಿನ ಸಹಾಯವಿಲ್ಲದ ಕಾರಣ ಅದು ಗಾಳಿಯನ್ನು ಬಾಯಿಯ ತಳದಿಂದ ಒಳಗೆ ತಳ್ಳುತ್ತದೆ. ಕೂತ ಕಪ್ಪೆಯ ಗದ್ದ ಅಲುಗುತ್ತಲೇ ಇರುವುದು ಇದಕ್ಕೆ. ಗೊದಮೊಟ್ಟೆಗೆ ಕಿವಿರು. ಕಾಫಿ ತೋಟದ ಕೆಲವು ಪೊದೆಗಪ್ಪೆಗಳು ಗೊದಮೊಟ್ಟೆಯಾಗಿ ಈಜುವುದೇ ಇಲ್ಲ, ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಚರ್ಮದಿಂದ ಉಸಿರಾಡುವ ಪ್ರಾಣಿಗೆ ತೋಟಕ್ಕೆ ಹೊಡೆದ ಕೀಟನಾಶಕವೂ ಚರ್ಮದಿಂದಲೇ ಇಳಿಯುತ್ತದೆ. ಸಿಂಪಡಿಸುವ ಮುನ್ನ ತೊರೆಯ ಅಂಚು ಬಿಟ್ಟು ಹೊಡೆಯಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ರೇಷ್ಮೆಹುಳುವಿನ ಮೈಮೇಲಿನ ಕಪ್ಪು ಚುಕ್ಕೆಗಳು ಏನು?

ಉಸಿರಿನ ರಂಧ್ರಗಳು, ಪಕ್ಕಕ್ಕೆ 9ರಂತೆ. ಅಲ್ಲಿಂದ ಹೊರಟ ಸೂಕ್ಷ್ಮ ಕೊಳವೆಗಳು ಗಾಳಿಯನ್ನು ನೇರ ಅಂಗಾಂಗಗಳಿಗೆ ಮುಟ್ಟಿಸುತ್ತವೆ, ಆಮ್ಲಜನಕ ಹೊರುವ ಕೆಲಸ ಅದರ ರಕ್ತಕ್ಕಿಲ್ಲ. ತಟ್ಟೆಯಲ್ಲಿ ಹುಳು ಒತ್ತೊತ್ತಾಗಿ ಬಿಟ್ಟರೆ, ಮನೆಯಲ್ಲಿ ಗಾಳಿಯಾಡದಿದ್ದರೆ ಹುಳು ಸೊರಗುವುದು ಸಹಜ.

ಹಾವು ತನಗಿಂತ ದಪ್ಪದ ಇಲಿ ನುಂಗುವಾಗ ಉಸಿರು ಹೇಗೆ?

ಅದರ ಶ್ವಾಸನಾಳದ ಬಾಯಿ ನಾಲಗೆಯ ಬುಡದ ಹತ್ತಿರ, ಬಾಯಿಯ ತಳದಲ್ಲಿದೆ. ನುಂಗುವಾಗ ಅದನ್ನು ಬೇಟೆಯ ಕೆಳಗಿಂದ ಮುಂದಕ್ಕೆ ಚಾಚಿ ಹೊರಗಿನ ಗಾಳಿ ಎಳೆಯುತ್ತದೆ. ಕೇರೆ, ನಾಗರ ಹಾವುಗಳಲ್ಲಿ ಬಲ ಶ್ವಾಸಕೋಶ ಉದ್ದಕ್ಕೆ ಬೆಳೆದಿದೆ, ಎಡದ್ದು ಹೆಸರಿಗಷ್ಟೇ ಅಥವಾ ಇಲ್ಲವೇ ಇಲ್ಲ. ನಾಗರ, ಕಟ್ಟುಹಾವುಗಳ ವಿಷ ಕಚ್ಚಿಸಿಕೊಂಡವರ ವಪೆಯನ್ನೂ ಪಕ್ಕೆಯ ಸ್ನಾಯುಗಳನ್ನೂ ನಿಷ್ಕ್ರಿಯ ಮಾಡುತ್ತದೆ, ಸಾವು ಬರುವುದು ಉಸಿರು ನಿಂತು. ಮನುಷ್ಯರಿಗಾಗಲಿ ದನಕ್ಕಾಗಲಿ ಮಂತ್ರ, ಬೇರು ಬೇಡ. ವಿಷನಿರೋಧಕ ಔಷಧಿ ಬೇಕು, ಮನುಷ್ಯರಿಗೆ ವೆಂಟಿಲೇಟರ್ ಇರುವ ಆಸ್ಪತ್ರೆ ಬೇಕು.

ಆನೆ ಮೈಯೆಲ್ಲ ನೀರಲ್ಲಿ ಮುಳುಗಿಸಿ ಈಜುತ್ತದೆ. ಅದರ ಎದೆ ಬೇರೆ ಥರವೇ?

ಹೌದು. ಸಸ್ತನಿಗಳಲ್ಲಿ ಸಾಮಾನ್ಯವಾಗಿ ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ತೆಳ್ಳನೆ ದ್ರವ ತುಂಬಿದ ಸಂದು ಇರುತ್ತದೆ. ಆನೆಯಲ್ಲಿ ಆ ಸಂದು ಇಲ್ಲ, ಅಲ್ಲಿ ಸಡಿಲವಾದ ಬಂಧಕ ಅಂಗಾಂಶ ತುಂಬಿದೆ. ಮೈ ಎರಡು ಮೀಟರ್ ಆಳದಲ್ಲಿದ್ದು ಸೊಂಡಿಲ ತುದಿ ಮಾತ್ರ ಮೇಲಿದ್ದಾಗ ನೀರಿನ ಒತ್ತಡಕ್ಕೂ ಒಳಗಿನ ಗಾಳಿಯ ಒತ್ತಡಕ್ಕೂ ದೊಡ್ಡ ವ್ಯತ್ಯಾಸ. ಸಾಮಾನ್ಯ ಸಂದಾಗಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಒಡೆಯಬಹುದಿತ್ತು. ಆನೆಯ ಎದೆ ಹೀಗಿರುವುದು ಸೊಂಡಿಲಿನಿಂದ ಉಸಿರಾಡುತ್ತಾ ಈಜುವುದಕ್ಕಾಗಿಯೇ ಎಂದು ಉಸಿರಾಟ ವಿಜ್ಞಾನಿ ಜಾನ್ ವೆಸ್ಟ್ ವಿವರಿಸಿದರು. ಸೊಂಡಿಲಲ್ಲಿ ಎಳೆದ ನೀರು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಸೊಂಡಿಲಲ್ಲೇ ಹಿಡಿದಿಟ್ಟು ಬಾಯಿಗೆ ಸುರಿದುಕೊಳ್ಳುತ್ತದೆ.

ಆಲೂರು, ಸಕಲೇಶಪುರದಲ್ಲಿ ಕಾಡಾನೆ ಹಿಡಿಯುವಾಗ ಅರಿವಳಿಕೆ ಚುಚ್ಚಿದ ಆನೆ ಎದೆಯ ಮೇಲೆ ಕುಸಿದು ಕೂತರೆ ವೈದ್ಯರು ಗಾಬರಿಯಾಗುವುದೂ ಈ ಎದೆಯಿಂದಲೇ. ಟನ್‌ಗಟ್ಟಲೆ ತೂಕ ಎದೆಯನ್ನೂ ವಪೆಯನ್ನೂ ಒತ್ತಿ ಉಸಿರು ನಿಲ್ಲುವ ಅಪಾಯವಿದೆ. ಹಗ್ಗ ಹಾಕಿ, ಸಾಕಾನೆಗಳಿಂದ ತಳ್ಳಿಸಿ, ಹೇಗಾದರೂ ಪಕ್ಕಕ್ಕೆ ಮಲಗಿಸಬೇಕು, ಸೊಂಡಿಲ ತುದಿಯನ್ನು ಕೆಸರು, ಎಲೆಯಿಂದ ಬಿಡಿಸಿ ತೆರೆದಿಡಬೇಕು. ಆ ಹೊತ್ತಿನಲ್ಲಿ ಜನ ಸುತ್ತ ಮುಗಿಬಿದ್ದು ಮೊಬೈಲ್ ಹಿಡಿದರೆ ಈ ಕೆಲಸ ತಡವಾಗುತ್ತದೆ. ದಯವಿಟ್ಟು ದೂರ ನಿಲ್ಲಿ.